ಆಕ್ಸಿಲರೇಟರ್ ಒತ್ತಿದರೆ ಹಾಡುವ ಕಾರು

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲೂಕಿಗೆ ನಾವು ಮೂವರು ಬಿಡಿ ವರದಿಗಾರರು. ಡಿಪ್ಲೊಮಾ ಮುಗಿಸಿದ್ದು ಒಂದೇ ಬ್ಯಾಚಿನಲ್ಲಿ. ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡುವ ದುಡ್ಡಿನಲ್ಲಿ ತಲೆಗೊಂದು ಕಾರು ಆಗದ ಮಾತು. ಹಾಗಾಗಿ 2024ರ ಬೇಸಿಗೆಯಲ್ಲಿ ಮೂವರೂ ಕೈಸೇರಿಸಿ ಒಂದು ಹಳೆಯ ಆಲ್ಟೊ ಕೊಂಡೆವು. ಎರಡು ದಿನ ಭಟ್ಕಳ, ಎರಡು ದಿನ ಹೊನ್ನಾವರ, ಎರಡು ದಿನ ಕುಮಟಾ. ಭಾನುವಾರ ಯಾರಿಗೆ ತುರ್ತೋ ಅವರಿಗೆ.

ಕಾರು ಬಂದದ್ದು ಭಟ್ಕಳದ ಒಂದು ಮನೆಯಿಂದ. ಮಾಲೀಕರು ಗಲ್ಫಿನಲ್ಲಿ ಇದ್ದು ಬಂದವರು. ಕಾರಿಗಿಂತ ಅದರೊಳಗಿನ ಸೆಟ್ಟಿನ ಬಗ್ಗೆಯೇ ಅವರಿಗೆ ಹೆಚ್ಚು ಅಭಿಮಾನ: ದುಬೈನಿಂದ ತಂದ ಸ್ಟೀರಿಯೋ, ಹಿಂದಿನ ಸೀಟಿನ ಅಡಿಯಲ್ಲಿ ನಾಲ್ಕು ಚಾನೆಲ್‌ನ ಆಂಪ್ಲಿಫಯರ್, ಬಾಗಿಲಿಗೆ ಎರಡು ಸ್ಪೀಕರ್, ಹಿಂದಿನ ಹಲಗೆಗೆ ಮತ್ತೆರಡು. ಎಲ್ಲವನ್ನೂ ಮನೆಯಂಗಳದಲ್ಲಿ ಸ್ವತಃ ಕೂರಿಸಿದ್ದು. ಭಟ್ಕಳದಲ್ಲಿ ಇದು ವಿಶೇಷವಲ್ಲ. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಟೇಪ್‌ರೆಕಾರ್ಡರ್ ಬರುತ್ತಿತ್ತು, ಆಮೇಲೆ ಕಾರಿನ ಸೆಟ್ಟು. ಅದನ್ನು ಯಾವ ಅಂಗಡಿಗೂ ಒಯ್ಯದೆ ತಮ್ಮನೋ ಭಾವನೋ ಸೇರಿಕೊಂಡು ಕೂರಿಸಿಬಿಡುವುದು.

ಸೆಟ್ಟಿನ ಸದ್ದು ಜೋರಿತ್ತು. ಆದರೆ ಹಾಡಿನ ಹಿಂದೆ ಇನ್ನೊಂದು ಹಾಡೂ ಇತ್ತು. ಎಂಜಿನ್ ಚಾಲೂ ಮಾಡಿದೊಡನೆ ಸಣ್ಣಗೆ ‘ಕುಂಯ್’. ಆಕ್ಸಿಲರೇಟರ್ ಒತ್ತಿದಂತೆ ಅದರ ಶ್ರುತಿ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಎಂಜಿನ್ ಬಂದ್ ಮಾಡಿ ಬರೀ ಬ್ಯಾಟರಿಯಲ್ಲಿ ಹಾಡು ಹಾಕಿದರೆ ಇಲ್ಲವೇ ಇಲ್ಲ.

ಹಾಡು ಕೇಳುವವರಿಗೆ ಇದೊಂದು ಕಿರಿಕಿರಿ, ಅಷ್ಟೆ. ನಮಗೆ ಹಾಗಲ್ಲ, ಈ ಕಾರೇ ಆಫೀಸು. ಒಂದು ಕಡೆ ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು, ಮುಂದಿನ ಊರಿಗೆ ಹೋಗುವಾಗ ಅದನ್ನೇ ಬ್ಲೂಟೂತಿನಲ್ಲಿ ಹಾಕಿ ಕೇಳುತ್ತಾ ಮನಸ್ಸಿನಲ್ಲೇ ಸುದ್ದಿಯ ಮೊದಲ ಸಾಲು ಕಟ್ಟುವುದು ನಮ್ಮ ಕ್ರಮ. ಶರಾವತಿ ದಂಡೆಯ ಒಬ್ಬ ಬೆಳೆಗಾರರು ಗಾಳಿಗೆ ಬಿದ್ದ ಅಡಿಕೆ ಮರದ ಲೆಕ್ಕ ಹೇಳಿದ್ದರು. ಕಾರಿನಲ್ಲಿ ಕೇಳಿದಾಗ ಒಬ್ಬರಿಗೆ ‘ಇಪ್ಪತ್ತೆರಡು’, ಇನ್ನೊಬ್ಬರಿಗೆ ‘ಎಪ್ಪತ್ತೆರಡು’. ಗಾಡಿ ನಿಲ್ಲಿಸಿ, ಇಯರ್‌ಫೋನ್ ಹಾಕಿ ಕೇಳಿ, ಸಾಲದೆಂದು ಅವರಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆವು. ಎಪ್ಪತ್ತೆರಡು. ಪರಿಹಾರದ ಅರ್ಜಿ ಹಾಕಿದವರ ಸುದ್ದಿಯಲ್ಲಿ ಐವತ್ತು ಮರ ಕಡಿಮೆ ಬಿದ್ದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈ ಕುಂಯ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು ಅಂತ ನಿಕ್ಕಿಯಾದದ್ದು ಅವತ್ತು.

ಎರಡು ಕಡೆ ತೋರಿಸಿದೆವು. ಒಬ್ಬರು ಆಂಪ್ಲಿಫಯರ್ ಹೋಗಿದೆ, ಬದಲಿಸಿ ಅಂದರು. ಇನ್ನೊಬ್ಬರು ಸಣ್ಣದೊಂದು ಫಿಲ್ಟರ್ ಡಬ್ಬಿ ತೋರಿಸಿ, ಇದನ್ನು ನಡುವೆ ಹಾಕಿದರೆ ಸದ್ದು ಹೋಗುತ್ತದೆ ಅಂದರು. ಹೋಗುತ್ತದೆ, ಸುಳ್ಳಲ್ಲ. ಆ ಡಬ್ಬಿಯೊಳಗೆ ಇರುವುದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಅಗ್ಗದ್ದಾದರೆ ಕುಂಯ್ ಜೊತೆಗೆ ಕೆಳ ಸ್ವರವನ್ನೂ ಅಷ್ಟಿಷ್ಟು ನುಂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರೋಗ ಇದ್ದಲ್ಲೇ ಇರುತ್ತದೆ. ನಮಗದು ಹೇಳಿಕೆ ಕೊಡಲು ಒಪ್ಪದ ಅಧಿಕಾರಿಯ ಹಾಗೆ ಕಂಡಿತು. ಕೊನೆಗೆ ಒಂದು ಭಾನುವಾರ ಹೊನ್ನಾವರದಲ್ಲಿ ನಮ್ಮಲ್ಲೊಬ್ಬರ ಮನೆಯ ಮಾಡಿನ ಕೆಳಗೆ ಗಾಡಿ ನಿಲ್ಲಿಸಿ, ಒಂದು ಮಲ್ಟಿಮೀಟರ್, ಸ್ಕ್ರೂಡ್ರೈವರ್, ಮರಳು ಕಾಗದ ಇಟ್ಟುಕೊಂಡು ಕೂತೆವು.

ಮೊದಲು ಸದ್ದಿನ ಜಾತಿ ಗುರುತಿಸಬೇಕು. ಆಲ್ಟರ್ನೇಟರ್ ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ಸುತ್ತುತ್ತದೆ. ಅದರೊಳಗೆ ಹುಟ್ಟುವುದು ಎಸಿ ವಿದ್ಯುತ್, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಆದರೆ ಪೂರ್ತಿ ನಯವಾಗುವುದಿಲ್ಲ, ಮೇಲೊಂದು ಸಣ್ಣ ಅಲೆ ಉಳಿಯುತ್ತದೆ. ಎಂಜಿನ್ ವೇಗ ಏರಿದಂತೆ ಅಲೆಯ ಕಂಪನವೂ ಏರುತ್ತದೆ. ನಮ್ಮ ಕುಂಯ್ ಅದೇ. ‘ಟಿಕ್ ಟಿಕ್’ ಅಂತ ಎಂಜಿನ್ ಜೊತೆ ಓಡುವ ಸದ್ದಾದರೆ ಪೆಟ್ರೋಲ್ ಗಾಡಿಯ ಸ್ಪಾರ್ಕಿನ ಕಡೆ ನೋಡಬೇಕು. ಎಂಜಿನ್ ಬಂದಿದ್ದರೂ ಒಂದೇ ಸಮನೆ ‘ಸ್ಸ್’ ಎನ್ನುತ್ತಿದ್ದರೆ ಆಂಪ್ಲಿಫಯರಿನ ಗೇನ್ ವಿಪರೀತ ಏರಿಸಿಟ್ಟಿದ್ದಾರೆ ಎಂದು ಅರ್ಥ. ಗೇನ್ ವಾಲ್ಯೂಮ್ ಬಟನ್ ಅಲ್ಲ. ಸ್ಟೀರಿಯೋದಿಂದ ಬರುವ ಸಂಕೇತದ ಮಟ್ಟಕ್ಕೆ ಆಂಪ್ಲಿಫಯರನ್ನು ಹೊಂದಿಸುವ ತಿರುಪು ಅದು. ಮನೆಯಲ್ಲಿ ಕೂರಿಸಿದ ಸೆಟ್ಟುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದು ಕೊನೆಯ ತನಕ ತಿರುಗಿಯೇ ಇರುತ್ತದೆ ಎಂಬುದು ನಮ್ಮ ಅಂದಾಜು.

ಎರಡನೆಯದು, ಸದ್ದು ಎಲ್ಲಿ ಒಳಗೆ ಬರುತ್ತಿದೆ ಎನ್ನುವುದು. ವಾಲ್ಯೂಮ್ ಸೊನ್ನೆಗೆ ಇಳಿಸಿದೆವು. ಹಾಡು ನಿಂತಿತು, ಕುಂಯ್ ನಿಲ್ಲಲಿಲ್ಲ, ಕಡಿಮೆಯೂ ಆಗಲಿಲ್ಲ. ಅಂದರೆ ಅದು ವಾಲ್ಯೂಮ್ ಬಟನ್ ದಾಟಿದ ಮೇಲೆ ಸೇರಿಕೊಳ್ಳುತ್ತಿದೆ. ವಾಲ್ಯೂಮ್ ಜೊತೆ ಏರಿಳಿದಿದ್ದರೆ ಸ್ಟೀರಿಯೋ ಹಿಂದೆ, ಇಲ್ಲವೇ ಅದಕ್ಕೆ ಸಿಕ್ಕಿಸಿದ ಫೋನಿನ ಚಾರ್ಜರಿನಲ್ಲಿ ಹುಡುಕಬೇಕಿತ್ತು. (ಚಾರ್ಜರಿನದು ಬೇರೆಯೇ ಪುರಾಣ. ಫೋನನ್ನು ಆಕ್ಸ್ ತಂತಿಯಲ್ಲಿ ಸೆಟ್ಟಿಗೆ ಕೊಟ್ಟು, ಅದೇ ಫೋನನ್ನು ಕಾರಿನ ಚಾರ್ಜರಿಗೂ ಚುಚ್ಚಿದಾಗ ಮಾತ್ರ ಕುಂಯ್ ಬರುವುದಾದರೆ ತಪ್ಪಿತಸ್ಥ ಚಾರ್ಜರೇ. ಅದನ್ನು ಕಿತ್ತರೆ ಮುಗಿಯಿತು.) ಆಮೇಲೆ ಸೆಟ್ಟು ಆಫ್ ಮಾಡಿ, ಆಂಪ್ಲಿಫಯರಿನಿಂದ ಆರ್‌ಸಿಎ ತಂತಿಗಳನ್ನು ಕಿತ್ತು, ಮತ್ತೆ ಆನ್ ಮಾಡಿ ಎಂಜಿನ್ ಓಡಿಸಿದೆವು. ಪೂರ್ತಿ ನಿಶ್ಶಬ್ದ. ಆಂಪ್ಲಿಫಯರ್ ಹೋಗಿಲ್ಲ! ಬದಲಿಸಿ ಎಂದವರ ಮಾತು ಕೇಳಿದ್ದರೆ ಒಂದು ತಿಂಗಳ ಸುದ್ದಿಯ ದುಡ್ಡು ಅಲ್ಲೇ ಹೋಗುತ್ತಿತ್ತು. ಕೊನೆಗೆ ಒಂದು ಫೋನನ್ನು, ಚಾರ್ಜರ್ ಇಲ್ಲದೆ, ನೇರ ಆಂಪ್ಲಿಫಯರಿಗೇ ಕೊಟ್ಟು ಹಾಡು ಹಾಕಿದೆವು. ಸ್ವಚ್ಛ.

ಸ್ಟೀರಿಯೋ ಒಂದೇ ಇದ್ದಾಗ ತೊಂದರೆ ಇಲ್ಲ, ಆಂಪ್ಲಿಫಯರ್ ಒಂದೇ ಇದ್ದಾಗಲೂ ಇಲ್ಲ, ಎರಡನ್ನೂ ಜೋಡಿಸಿದಾಗ ಮಾತ್ರ ಬರುತ್ತದೆ. ಇದು ಅರ್ತಿನ ಜಗಳ. ಸ್ಟೀರಿಯೋ ತನ್ನ ಕಪ್ಪು ತಂತಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಕಾರಿನ ಬಾಡಿಗೆ ಕಟ್ಟಿದೆ, ಆಂಪ್ಲಿಫಯರ್ ಹಿಂದೆಲ್ಲೋ ಕಟ್ಟಿದೆ. ಎರಡೂ ಒಂದೇ ಕಬ್ಬಿಣ ನಿಜ, ಆದರೆ ಒಂದು ಕಡೆಯ ಕಟ್ಟು ಸಡಿಲವಾದರೆ ಎರಡರ ನಡುವೆ ಸಣ್ಣ ವೋಲ್ಟಿನ ಅಂತರ ಹುಟ್ಟುತ್ತದೆ. ಆಗ ಕರೆಂಟು ತನ್ನ ದಾರಿ ಬಿಟ್ಟು ಆರ್‌ಸಿಎ ತಂತಿಯ ಹೊರ ಕವಚದಲ್ಲಿ ಹರಿಯುತ್ತದೆ. ಅದು ಧ್ವನಿಯ ದಾರಿ. ಆಲ್ಟರ್ನೇಟರಿನ ಅಲೆ ಅಲ್ಲಿಂದ ಒಳಗೆ ಬರುತ್ತದೆ.

ನಮಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ಅರ್ತನ್ನು ಆಗಲೇ ನೋಡಿದ್ದರು. ಮೀಟರನ್ನು ಓಮ್‌ಗೆ ಇಟ್ಟು ‘ಸೊನ್ನೆ ತೋರಿಸ್ತದೆ, ಅರ್ತ್ ಸರಿ ಉಂಟು’ ಅಂದಿದ್ದರು. ಮೀಟರ್ ಸುಳ್ಳು ಹೇಳಿರಲಿಲ್ಲ, ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಅದಕ್ಕಿಲ್ಲ, ಅಷ್ಟೆ. ಓಮ್ ಅಳೆಯುವಾಗ ಮೀಟರ್ ಕಳಿಸುವುದು ತೀರಾ ಅಲ್ಪ ಕರೆಂಟು. ಅದರ ಎರಡು ಕಡ್ಡಿಗಳ ತಡೆಯೇ 0.2 ಓಮ್‌ನಷ್ಟು ಇರುತ್ತದೆ. ಅದಕ್ಕಿಂತ ಸಣ್ಣ ದೋಷ ಅದಕ್ಕೆ ಕಾಣುವುದಿಲ್ಲ. ಕೇಳಬೇಕಾದ ರೀತಿ ಬೇರೆ. ಎಂಜಿನ್ ಓಡುತ್ತಿರಲಿ, ಹಾಡು ಜೋರಾಗಿ ಇರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಉದ್ದ ತಂತಿಯಿಂದ ಬ್ಯಾಟರಿಯ ಮೈನಸ್‌ಗೆ ತಾಗಿಸಿ, ಕೆಂಪನ್ನು ಆಂಪ್ಲಿಫಯರಿನ ಅರ್ತ್ ತಿರುಪಿಗೆ ಒತ್ತಿ. ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.1 ವೋಲ್ಟ್ ಇರಬೇಕು. ನಮಗೆ ಮದ್ದಳೆಯ ಪ್ರತಿ ಪೆಟ್ಟಿಗೂ 0.7ರ ತನಕ ಹಾರಿತು. ಲೆಕ್ಕ ಹಾಕಿ: 10 ಆಂಪಿಯರ್ ಹರಿಯುವಾಗ 0.7 ವೋಲ್ಟ್ ಬೀಳಲು 0.07 ಓಮ್ ಸಾಕು. ಓಮ್ ಅಳತೆಯಲ್ಲಿ ಅದು ಕಡ್ಡಿಗಳ ತಡೆಯೊಳಗೇ ಮುಚ್ಚಿಹೋಗುತ್ತದೆ.

ಕಾರ್ಪೆಟ್ ಎತ್ತಿದೆವು. ಆಂಪ್ಲಿಫಯರಿನ ಅರ್ತನ್ನು ಬಣ್ಣ ಬಳಿದ ತಗಡಿನ ಮೇಲೆಯೇ ಒಂದು ಸಣ್ಣ ಸ್ಕ್ರೂ ಹೊಡೆದು ಕಟ್ಟಿದ್ದರು. ಬಣ್ಣದ ಮೇಲೆ ಕೂತ ತಂತಿಗೆ ಲೋಹದ ಸಂಪರ್ಕ ಸಿಗುವುದು ಸ್ಕ್ರೂವಿನ ಎಳೆಗಳಿಂದ ಮಾತ್ರ. ಆ ಸ್ಕ್ರೂವೋ ಕೆಂಪು ತುಕ್ಕಿನ ಗುಳಿಗೆಯಾಗಿತ್ತು, ತಾಮ್ರದ ಎಳೆಗಳು ಹಸಿರು ತಿರುಗಿದ್ದವು. ಇದೇ ಕೆಲಸ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಆಗಿದ್ದರೆ ಹತ್ತು ವರ್ಷ ನಡೆಯುತ್ತಿತ್ತೇನೋ. ನಮ್ಮದು ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪು ಗಾಳಿ ಬೀಸುವ ಕರಾವಳಿ. ಒದ್ದೆ ಕಾಲಿನಲ್ಲೇ ಗಾಡಿ ಹತ್ತುತ್ತೇವೆ, ಕಾರ್ಪೆಟ್ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವುದೇ ಇಲ್ಲ.

ತಗಡನ್ನು ರೂಪಾಯಿ ನಾಣ್ಯದಗಲ ಬೆಳ್ಳಗಾಗುವ ತನಕ ಉಜ್ಜಿ, ಹಸಿರಾದ ತಂತಿಯ ತುದಿ ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ ಒತ್ತಿ, ಹಲ್ಲಿರುವ ವಾಷರ್ ಹಾಕಿ ಬೋಲ್ಟು ನಟ್ಟಿನಿಂದ ಬಿಗಿದೆವು. ಮೇಲಿಂದ ವ್ಯಾಸಲೀನ್ ಮೆತ್ತಿದೆವು, ಗಾಳಿ ನೀರು ತಾಗದಿರಲಿ ಎಂದು. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ತ್ ಕಟ್ಟುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಆ ಬೋಲ್ಟಿನ ಬಿಗಿ ಜೀವ ಕಾಯುವ ಬಿಗಿ. ಮತ್ತೆ ಅಳೆದರೆ 0.04 ವೋಲ್ಟ್. ಕುಂಯ್ ಹೆಚ್ಚುಕಡಿಮೆ ಹೋಯಿತು. ಉಳಿದ ಚೂರು ಹೋದದ್ದು ಆರ್‌ಸಿಎ ತಂತಿಯನ್ನು ಕಾರಿನ ಇನ್ನೊಂದು ಬದಿಗೆ ಸರಿಸಿದ ಮೇಲೆ. ಹಿಂದಿನವರು ಅದನ್ನೂ ಬ್ಯಾಟರಿಯ ದಪ್ಪ ತಂತಿಯನ್ನೂ ಒಟ್ಟಿಗೆ ಟೇಪ್ ಸುತ್ತಿ ಹಗ್ಗ ಮಾಡಿಬಿಟ್ಟಿದ್ದರು. ಎರಡೂ ದೂರದೂರ ಇರಬೇಕು, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಬೇಕು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ಹಗ್ಗ ಬಿಚ್ಚುತ್ತಾ ಮುಂದೆ ಹೋದಾಗ ಕಂಡದ್ದೇ ಈ ಬರಹಕ್ಕೆ ಕಾರಣ.

ಬ್ಯಾಟರಿಯ ಪ್ಲಸ್‌ನಿಂದ ಆಂಪ್ಲಿಫಯರಿಗೆ ಹೋಗುವ ಕೆಂಪು ತಂತಿ ಎಂಜಿನ್ ಕೋಣೆಯಿಂದ ಒಳಗೆ ಬರಲು ನಡುವಿನ ತಗಡಿಗೆ ಒಂದು ತೂತು ಕೊರೆದಿದ್ದರು. ತೂತಿಗೆ ರಬ್ಬರ್ ಬುಷ್ ಇಲ್ಲ. ತಗಡಿನ ಹರಿತ ಅಂಚಿನ ಮೇಲೆ ತಂತಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಒಂದು ಕಡೆ ಪ್ಲಾಸ್ಟಿಕ್ ಉಗುರಿನಷ್ಟು ತೆಳ್ಳಗಾಗಿ, ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಬ್ಯಾಟರಿಯ ಹತ್ತಿರ ಫ್ಯೂಸೂ ಇರಲಿಲ್ಲ. ಆಂಪ್ಲಿಫಯರಿನ ಮೈಮೇಲೆ 25 ಆಂಪಿಯರಿನ ಫ್ಯೂಸ್ ಇದೆಯಲ್ಲ ಎಂದು ಅವರು ನಂಬಿರಬೇಕು. ಆ ಫ್ಯೂಸ್ ಕಾಯುವುದು ಆಂಪ್ಲಿಫಯರನ್ನು. ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಯನ್ನು ಕಾಯಲು ಯಾರೂ ಇಲ್ಲ. ಆ ತಾಮ್ರ ತಗಡಿಗೆ ತಾಗಿದ್ದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ತಂತಿ ಕೆಲವೇ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಅದರ ಸುತ್ತ ಕಾರ್ಪೆಟ್ಟು, ಫೋಮು, ಹಿಂದಿನ ಸೀಟಿನ ಅಡಿಯಲ್ಲಿ ನಮ್ಮ ಪೇಪರ್ ಕಟ್ಟು. ಆಲ್ಟೊದ ಪೆಟ್ರೋಲ್ ಟ್ಯಾಂಕೂ ಹಿಂದೆಯೇ. ಈ ಗಾಡಿಯಲ್ಲಿ ನಾವು ಹೆಂಡತಿ ಮಕ್ಕಳನ್ನು ಮುರ್ಡೇಶ್ವರಕ್ಕೆ ಕರೆದೊಯ್ದಿದ್ದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಕ್ಷಣ ಬ್ಯಾಟರಿಯ ಮೈನಸ್ ಕಳಚಿದೆವು. (ಯಾವಾಗಲೂ ಮೊದಲು ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.) ಹೊಸ ತಂತಿ ಎಳೆದು, ತೂತಿಗೆ ರಬ್ಬರ್ ಬುಷ್ ಹಾಕಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಡಬ್ಬಿ ಕೂರಿಸಿದೆವು. ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗೆ ಫ್ಯೂಸ್ ಇರಬೇಕೆಂಬುದು ಈ ಕಸುಬಿನ ರೂಢಿ, ಹತ್ತಿರವಾದಷ್ಟೂ ಒಳ್ಳೆಯದು. ಫ್ಯೂಸಿನ ಅಂಕಿ ತಂತಿ ತಾಳುವಷ್ಟನ್ನು ಮೀರಬಾರದು. ಎಲ್ಲ ಸೇರಿ ಖರ್ಚಾದದ್ದು ಸಾವಿರ ರೂಪಾಯಿಯೊಳಗೆ. ಅದರಲ್ಲಿ ಬುಷ್ಷಿನ ಬೆಲೆ 10 ರೂಪಾಯಿ.

ಅದೇ ದಿನ ಇನ್ನೊಂದು ಗಂಟೂ ಬಿಚ್ಚಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತಲ್ಲ, ಅವತ್ತು ಗಾಡಿ ಕುಮಟಾದಲ್ಲಿತ್ತು. ಮಳೆಗೆ ಎರಡು ದಿನ ಹೊರಗೆ ತೆಗೆದಿರಲಿಲ್ಲ. ಕೀ ತಿರುಗಿಸಿದರೆ ‘ಟಕ್’ ಎಂದಷ್ಟೇ ಬಂತು. ಕುಮಟಾದವ ಯಾರದೋ ಬೈಕಿನ ಹಿಂದೆ ಮಳೆಯಲ್ಲಿ ಕೂತು ಹೋದ. ಬ್ಯಾಟರಿ ಹಳತಾಯಿತು ಎಂದುಕೊಂಡಿದ್ದೆವು. ನೋಡಿದರೆ ಆಂಪ್ಲಿಫಯರನ್ನು ಎಬ್ಬಿಸುವ ರಿಮೋಟ್ ತಂತಿಯನ್ನು ಸ್ಟೀರಿಯೋದ ನೀಲಿ-ಬಿಳಿ ತಂತಿಗೆ ಕಟ್ಟುವ ಬದಲು ಹಳದಿಗೆ ಕಟ್ಟಿದ್ದಾರೆ. ಹಳದಿ ಎಂದರೆ ಯಾವಾಗಲೂ ಕರೆಂಟು ಇರುವ ತಂತಿ. ಕೀ ತಿರುಗಿಸಿದಾಗ ಮಾತ್ರ ಬರುವುದು ಕೆಂಪು. ಹಾಗಾಗಿ ಸೆಟ್ಟು ಬಂದಾದರೂ ಆಂಪ್ಲಿಫಯರ್ ಎಚ್ಚರವೇ ಇತ್ತು. ಸುಮ್ಮನೆ ಕೂತು ಅದು ಎಳೆಯುವುದು ಸುಮಾರು 1 ಆಂಪಿಯರ್. 35 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಒಂದೂವರೆ ದಿನದಲ್ಲಿ ಬರಿದು ಮಾಡಲು ಅಷ್ಟು ಸಾಕು. ದಿನಾ ಓಡಿಸುತ್ತಿದ್ದಾಗ ಆಲ್ಟರ್ನೇಟರ್ ತುಂಬಿಕೊಡುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಕುಂಯ್ ಹೋದ ಮೇಲೆ ಕಿವಿ ಬೇರೆ ಕೊರತೆ ಹುಡುಕತೊಡಗಿತು. ಹೊನ್ನಾವರದವನ ಬಳಿ ಕಾಳಿಂಗ ನಾವಡರ ಭಾಗವತಿಕೆಯ ಒಂದು ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಫೈಲ್ ಇದೆ. ನಾವಡರು ತೀರಿಕೊಂಡದ್ದು 1990ರಲ್ಲಿ, ನಮ್ಮಲ್ಲೊಬ್ಬರು ಅವರನ್ನು ರಂಗದ ಮೇಲೆ ಕಂಡವರಲ್ಲ, ಕೇಳಿಯೇ ಬೆಳೆದವರು. ಹಾಕಿದರೆ ಚಂಡೆಯ ಪೆಟ್ಟು ಟಣ್ ಎಂದು ಬರುತ್ತದೆ, ಮದ್ದಳೆ ಮಾತ್ರ ಪಕ್ಕದ ಊರಿನಲ್ಲಿ ಬಾರಿಸಿದ ಹಾಗೆ. ಭಾಗವತರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ, ತಲೆಯ ಸುತ್ತ ತೇಲುತ್ತದೆ. ಇದು ಒಂದು ಬಾಗಿಲಿನ ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದ ಲಕ್ಷಣ. ಒಂದರ ಶಂಕು ಮುಂದೆ ತಳ್ಳುವಾಗ ಇನ್ನೊಂದರದು ಹಿಂದೆ ಎಳೆಯುತ್ತದೆ, ಕೆಳ ಸ್ವರ ಒಂದನ್ನೊಂದು ತಿಂದುಹಾಕುತ್ತವೆ, ಮೇಲು ಸ್ವರ ಅಷ್ಟಾಗಿ ಬಾಧೆಗೊಳಗಾಗುವುದಿಲ್ಲ. ಆ ಫೈಲ್ ಮೊನೊ, ಎರಡೂ ಕಡೆ ಒಂದೇ ಧ್ವನಿ. ಹಾಗಾಗಿ ದೋಷ ಎದ್ದು ಕಂಡಿತು. ಸ್ಟೀರಿಯೋ ಸಿನಿಮಾ ಹಾಡಿನಲ್ಲಿ ನಾವಿದನ್ನು ತಿಂಗಳುಗಟ್ಟಲೆ ಗಮನಿಸಿರಲಿಲ್ಲ. ಅಡಿಕೆ ಮರದ ಇಂಟರ್‌ವ್ಯೂ ಕೂಡ ಮೊನೊ ಎಂದು ಆಮೇಲೆ ಹೊಳೆಯಿತು.

ಪರೀಕ್ಷೆಗೆ ಒಂದು ಪೆನ್ ಟಾರ್ಚಿನ 1.5 ವೋಲ್ಟಿನ ಸೆಲ್ ಸಾಕು. ಸ್ಪೀಕರಿನ ತಂತಿ ಎರಡನ್ನೂ ಆಂಪ್ಲಿಫಯರಿನಿಂದ ಬಿಡಿಸಿ ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಶಂಕು ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್‌ಗೆ ತಾಗಿದ್ದೇ ಸ್ಪೀಕರಿನ ಪ್ಲಸ್. ಸ್ಟೀರಿಯೋ ಕಡೆಯ ಬಣ್ಣಗಳು: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಮೈನಸ್. ಬಲ ಬಾಗಿಲಿನದು ತಿರುಗಾಮುರುಗಾ ಇತ್ತು. ತಂತಿ ಬದಲಿಸಿದೊಡನೆ ನಾವಡರು ಬಂದು ಡ್ಯಾಶ್‌ಬೋರ್ಡಿನ ಮಧ್ಯೆ ಕೂತರು, ಮದ್ದಳೆಯೂ ಜೊತೆಗೆ.

ರೇಡಿಯೋದ್ದು ಚಿಕ್ಕ ವಿಷಯ, ಆದರೆ ಗಲ್ಫಿನ ಸೆಟ್ಟಿದ್ದವರಿಗೆ ಬೇಕಾದೀತು. ಎಎಂನಲ್ಲಿ ಧಾರವಾಡ ಆಕಾಶವಾಣಿ ಸಿಗುತ್ತಿರಲಿಲ್ಲ. ಸೆಟ್ಟಿನ ಮೆನುವಿನಲ್ಲಿ ಪ್ರದೇಶ ಅಮೆರಿಕ ಎಂದಿತ್ತು. ಅಲ್ಲಿ ಎಎಂ ಕೇಂದ್ರಗಳು 10 ಕಿಲೋಹರ್ಟ್ಸ್‌ಗೊಂದು, ನಮ್ಮಲ್ಲಿ 9ಕ್ಕೊಂದು. ಧಾರವಾಡ ಇರುವುದು 765ರಲ್ಲಿ, ಭದ್ರಾವತಿ 675ರಲ್ಲಿ. ಹತ್ತು ಹತ್ತರಲ್ಲಿ ಜಿಗಿಯುವ ಸೆಟ್ಟು 760ರಿಂದ 770ಕ್ಕೆ ಹಾರಿಬಿಡುತ್ತದೆ. ಪ್ರದೇಶ ಬದಲಿಸಿದ ಮೇಲೆ ಧಾರವಾಡ ಸಿಕ್ಕಿತು. ನಿಮ್ಮದು ಜಪಾನಿನ ಒಳಮಾರುಕಟ್ಟೆಯ ಹಳೆ ಸೆಟ್ಟಾಗಿದ್ದರೆ ಎಫ್‌ಎಂ 76ರಿಂದ 90ರ ತನಕ ಮಾತ್ರ ಇರುತ್ತದೆ. ಅದರಲ್ಲಿ ನಮ್ಮ ಕಡೆಯ ಕೇಂದ್ರ ಹುಡುಕುತ್ತಾ ಕೂತು ಆಂಟೆನಾ ಬದಲಿಸಬೇಡಿ.

ಮಾರಿದವರಿಗೆ ಫೋನ್ ಮಾಡಿ ಆ ಕೆಂಪು ತಂತಿಯ ವಿಷಯ ಹೇಳಿದೆವು. ದೂರಲು ಅಲ್ಲ. ಅದೇ ಭಾವ ಅದೇ ರೀತಿ ಇನ್ನೂ ಎರಡು ಗಾಡಿಗೆ ಸೆಟ್ಟು ಕೂರಿಸಿದ್ದಾರೆ ಎಂದು ಕೊಳ್ಳುವಾಗಲೇ ಹೇಳಿದ್ದರು. ಅದರಲ್ಲೊಂದು ಮಕ್ಕಳನ್ನು ಶಾಲೆಗೆ ಬಿಡುವ ಓಮ್ನಿ. ಅವರು ಸುಮ್ಮನೆ ಕೇಳಿಕೊಂಡರು. ಮರುದಿನ ಸಂಜೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು: ಬ್ಯಾಟರಿಯ ಪಕ್ಕ ಹೊಸ ಫ್ಯೂಸ್ ಡಬ್ಬಿ, ಇನ್ನೊಂದು ಗಾಡಿಯದು ನಾಳೆ ಎಂದು ಕೆಳಗೆ ಬರೆದಿತ್ತು.

ನಮ್ಮದರಲ್ಲಿ ಇನ್ನೂ ಎಡ ಬಾಗಿಲಿನ ಸ್ಪೀಕರ್ ಮಳೆ ಬಂದಾಗ ಕರಕರ ಎನ್ನುತ್ತದೆ. ಶಂಕುವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗೆ ಕಾಯಿಲ್ ಉಜ್ಜುವುದು ತಿಳಿಯುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳಿಗೆ ಕೆಮ್ಮಣ್ಣು ಕಟ್ಟಿತ್ತು, ಕಡ್ಡಿ ಹಾಕಿ ಬಿಡಿಸಿದ್ದೇವೆ. ಕಾಗದದ ಶಂಕು ಒಮ್ಮೆ ನೀರು ಕುಡಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಪ್ಲಾಸ್ಟಿಕ್ ಶಂಕುವಿನದ್ದೊಂದು ಜೋಡಿ ಭಟ್ಕಳದ ಅಂಗಡಿಯಲ್ಲಿ ನೋಡಿಟ್ಟಿದ್ದೇವೆ. ಮೂವರ ಬಿಲ್ಲೂ ಪಾಸಾದ ತಿಂಗಳು ತರಬೇಕು.